ಫಿರಕಿಗೆ ಬೊಗಳಾಕ ಕಲಿಸಿದ ಮಚ್ಚೇಂದ್ರ

ಹುಮನಾಬಾದಿನಿಂದ ಬಸವಕಲ್ಯಾಣದ ಕಡೆ ಹೊಂಟ್ರ, ಊರು ಮುಗಿದು ಹೊಲ ಸುರು ಆಗೋ ಜಾಗಾದಾಗ ಒಂದು ಹಳೇ ಹತ್ತಿ ಗೋದಾಮು ಅದ. ಹತ್ತಿ ಖಾಲಿ ಆಗಿ ಭಾಳ ವರ್ಷ ಆತು. ಈಗ ಅಲ್ಲಿ ನಾಯಿ ಇರ್ತಾವ. ತಗಡಿನ ಗೇಟಿನ ಮ್ಯಾಲ ಇದನ್ನ ನಡಸೋ ಸಂಸ್ಥಾದವರು ಏನೋ ದೊಡ್ಡ ಹೆಸರು ಬರಸ್ಯಾರ, ಆದರ ಆ ಹೆಸರು ಹೇಳಿದ್ರ ಯಾವ ಆಟೋದಾಂವಗೂ ಗೊತ್ತಾಗಂಗಿಲ್ಲ. "ಮಚ್ಚೇಂದ್ರನ ಶೆಡ್ಡು" ಅನ್ರಿ, ಸೀದಾ ತಂದು ಇಳಸ್ತಾರ.

ಹಂಗಂತ ಮಚ್ಚೇಂದ್ರ ಅದರ ಮಾಲಕ ಅಲ್ಲ, ಮ್ಯಾನೇಜರನೂ ಅಲ್ಲ. ನಾಯಿಗೋಳಿಗೆ ಅನ್ನ ಹಾಕಾಂವ, ಪಿಂಜರಾ ತೊಳಿಯಾಂವ, ಹೇಲು ಬಳಿಯಾಂವ. ವಯಸ್ಸು ಐವತ್ತೆರಡು. ಸ್ವಂತ ಊರು ಮೋರಖಂಡಿ. ಮುಂಜಾನೆ ಬಸ್ಸಿಗೆ ಬರ್ತಾನ, ಸಂಜಿ ಬಸ್ಸಿಗೆ ಹೋಗ್ತಾನ. ಮನಿ ಮುಟ್ಟಿದ ಕೂಡಲೇ ಮೊದಲು ಹಿತ್ತಲದಾಗ ಜಳಕಾ, ಅಂಗಿ ಬದಲಿ, ಆಮ್ಯಾಲ ಹೊಸ್ತಿಲು. ಇದು ಹೆಂಡತಿ ಸೋನುಬಾಯಿ ಹಾಕಿದ ಕಾಯ್ದೆ, ಇದನ್ನ ಮುರದ ದಿನ ಅವಗ ರೊಟ್ಟಿ ಇಲ್ಲ.

ಸೋನುಬಾಯಿ ಸುಮ್ಮಸುಮ್ಮನ ಹಂಗ ಮಾಡಾಕಿ ಅಲ್ಲ. ಅದಕ್ಕೊಂದು ಹಕೀಕತ್ ಅದ. ಮಚ್ಚೇಂದ್ರನ ಅಪ್ಪ ಹರೇದಾಗ ಊರಿನ ಸತ್ತ ದನ ಎಳೀತಿದ್ದ. ಅವನ ಅಪ್ಪನೂ ಎಳದಿದ್ದ, ಮುತ್ಯಾನೂ ಎಳದಿದ್ದ. ಒಂದಿನ ಓಣಿ ಮಂದಿ ಎಲ್ಲಾ ಕೂಡಿ ಬುದ್ಧನ ಫೋಟೋದ ಮುಂದ ನಿಂತು, ಇನ್ನ ಮ್ಯಾಲ ನಮ್ಮ ಕೈ ಈ ಕೆಲಸ ಮುಟ್ಟಂಗಿಲ್ಲ ಅಂತ ಆಣಿ ಮಾಡಿದ್ರು. ಊರವರು ಸಿಟ್ಟಿಗೆದ್ದು ಎರಡು ವರ್ಷ ಯಾರನ್ನೂ ಹೊಲದ ಕೆಲಸಕ್ಕ ಕರೀಲಿಲ್ಲ. ಮಕ್ಕಳು ಮರಿ ಹಸದವು. ಆದರ ಓಣಿಯಾಗ ಒಬ್ಬನೂ ಆಣಿ ಮುರೀಲಿಲ್ಲ. ಅಂಥ ಅಪ್ಪನ ಮಗ ಇಪ್ಪತ್ತೆರಡನೇ ವಯಸ್ಸಿಗೆ ಹೋಗಿ ಒಂದು ಪುರಸಭಾದಾಗ ನಾಯಿ ಕೊಲ್ಲೋ ಕೆಲಸಕ್ಕ ಸೇರಿದ. ಯಾವ ಊರಿನ ಪುರಸಭಾ ಅನ್ನೋದು ಬ್ಯಾಡ ಬಿಡ್ರಿ, ಆಗ ಎಲ್ಲಾ ಕಡೆನೂ ಅದೇ ನಡೀತಿತ್ತು.

ಬೆಲ್ಲದ ಉಂಡಿ ಒಳಗ ಔಷಧ ಕಲಿಸಿ ಕೊಡ್ತಿದ್ರು. ಮಚ್ಚೇಂದ್ರನ ಕೆಲಸ ಅಂದ್ರ ಓಣಿ ಓಣಿ ತಿರಗೋದು, ನಾಯಿ ಕರಿಯೋದು, ಉಂಡಿ ಒಗಿಯೋದು. ಎರಡು ವರ್ಷ ಮಾಡಿದ. ಆ ಎರಡು ವರ್ಷದಾಗ ಅಂವ ಕಲತದ್ದು ಒಂದೇ ಮಾತು. ಕರದ ಕೂಡಲೇ ಬಾಲ ಅಲ್ಲಾಡಿಸಿಕೋತ ಯಾವುದು ಓಡಿ ಬರ್ತದ, ಅದು ಮೊದಲು ಸಾಯ್ತದ. ಗುರ್ ಅಂದು ದೂರ ನಿಂತದ್ದು ಉಳೀತದ. ಉಂಡಿ ತಿನ್ನೋ ಮುಂಚೆ ಅವನ ಕೈ ನೆಕ್ಕಿದ ನಾಯಿಗೋಳೂ ಇದ್ದವಂತ. ಅಪ್ಪಗ ಈ ಸುದ್ದಿ ಮುಟ್ಟಿದ ದಿನ, "ನಾ ಸತ್ತದ್ದು ಎಳೀಲಿಲ್ಲ ಅಂತ ಉಪವಾಸ ಬಿದ್ದೆ, ನೀ ಜೀವಂತ ಇದ್ದದ್ದನ್ನ ಸಾಯ್ಸಿ ಉಣ್ಣಾಕತ್ತಿಯಲ್ಲೋ" ಅಂದ. ಆಮ್ಯಾಲ ಸಾಯೋತನಕ ಮಗನ ಕೂಡ ಮಾತಾಡಲಿಲ್ಲ. ಮಚ್ಚೇಂದ್ರ ಕೆಲಸ ಬಿಟ್ಟ, ಅಡತ್ಯಾಗ ಚೀಲ ಹೊತ್ತ, ಇಟ್ಟಂಗಿ ಭಟ್ಟಿಗೆ ಹೋದ. ನಾಲ್ಕು ವರ್ಷದ ಹಿಂದ ಈ ಶೆಡ್ಡು ಸುರು ಆದಾಗ, ನಾಯಿ ಸಾಕೋ ಕೆಲಸ ಅಂತ ಕೇಳಿ, ತಾನಾಗೇ ಬಂದು ಗೇಟಿನ ಮುಂದ ನಿಂತ. ಸೋನುಬಾಯಿ ಕೆಲಸಕ್ಕ ಹೂಂ ಅಂದಳು. "ಆದರ ನಾಯಿ ಅನ್ನೋದು ನನ್ನ ಹೊಸ್ತಿಲ ದಾಟಬಾರದು, ಮಾವ ಮ್ಯಾಲಿಂದ ನೋಡಾಕತ್ತಾನ" ಅಂತ ಖಡಕ್ಕಾಗಿ ಹೇಳಿದಳು.

ಶೆಡ್ಡಿನ ಪದ್ಧತಿ ಸರಳ ಇತ್ತು. ಬೀದಿ ನಾಯಿ ಹಿಡಿದು ತರೋದು, ಮರಿ ಆಗದಂಗ ಆಪರೇಶನ್ ಮಾಡೋದು, ಗುರ್ತಿಗೆ ಎಡಗಿವಿ ತುದಿ ಕತ್ತರಿಸೋದು, ಹಿಡಿದ ಜಾಗಾಕ್ಕೇ ಹೊಳ್ಳಿ ಬಿಡೋದು. ಡಾಕ್ಟರ್ ಸಂಜೀವಕುಮಾರ ವಾರಕ್ಕ ಎರಡು ದಿನ ಬರ್ತಿದ್ರು. ಅಕ್ರಮ್ ಅಂತ ನಲವತ್ತರ ಆಸುಪಾಸಿನ ಡ್ರೈವರ್, ಗಾಡಿಯಾಗ ನಾಯಿ ತರಾಂವ, ಬಿಡಾಂವ. ಹೋದ ದೀಪಾವಳಿ ಆದ ಮ್ಯಾಲ ದೊಡ್ಡ ಕೋರ್ಟಿನ ಹುಕುಂ ಬಂತು. ಬಸ್‌ಸ್ಟ್ಯಾಂಡು, ದವಾಖಾನಿ, ಸಾಲಿ ಇಂಥ ಕಡೆ ಹಿಡಿದ ನಾಯಿನ್ನ ಹೊಳ್ಳಿ ಬಿಡೋ ಹಂಗಿಲ್ಲ, ಶೆಡ್ಡಿನಾಗೇ ಇಡಬೇಕು. ಯಾರರೆ ಸಾಕ್ತೀನಿ ಅಂತ ಬಂದ್ರ ಬರಸಿಕೊಂಡು ಕೊಡಬಹುದು. ಅದಕ್ಕ ಐತವಾರ ದಿನ ಗೇಟು ತೆರದು ಮಂದಿಗೆ ತೋರ್ಸಾಕ ಸುರು ಮಾಡಿದ್ರು.

ಫಿರಕಿ ಬಂದದ್ದು ಆಗ. ಬಸವಕಲ್ಯಾಣ ಬಸ್‌ಸ್ಟ್ಯಾಂಡಿನ ನಾಯಿ ಅದು. ಕಂದು ಬಣ್ಣ, ಎದಿ ಮ್ಯಾಲ ಬಿಳಿ ಮಚ್ಚಿ, ಎರಡು ವರ್ಷದ ಹೆಣ್ಣು. ಉಳದ ನಾಯಿಗೋಳು ಹಿಡಿಯೋ ಬಲಿ ಕಂಡ್ರ ಉಚ್ಚಿ ಹೊಯ್ಕೋತಾವ, ಕಿರಚ್ತಾವ. ಇದು ಅಕ್ರಮ್ ಗಾಡಿ ಬಾಗಿಲ ತೆರದ ಕೂಡಲೇ ತಾನೇ ಜಿಗಿದು ಒಳಗ ಕೂತಿತ್ತಂತ. "ಭಾಯಿ, ಇದಕ್ಕ ಟಿಕೀಟ್ ತಗಸಬೇಕಿತ್ತು" ಅಂತ ನಗಾಡಿಕೋತ ಇಳಿಸಿದ. ಇಳದದ್ದೇ ತಡ, ಮಚ್ಚೇಂದ್ರನ ಕಾಲಿನ ಸುತ್ತ ಗರಗರ ಗರಗರ ತಿರಗಾಕ ಹತ್ತಿತು. ಮನುಷ್ಯಾರನ್ನ ಕಂಡ್ರ ಸಾಕು, ಅದಕ್ಕ ನಿಂತಲ್ಲಿ ನಿಂದರಾಕ ಬರ್ತಿದ್ದಿಲ್ಲ. ಹುಡುಗರು ಹಿಡ್ಕೊಂಡು ಓಡೋ ಕಾಗದದ ಫಿರಕಿ ನೆನಪಾಗಿ ಮಚ್ಚೇಂದ್ರ ಅದೇ ಹೆಸರಿಟ್ಟ. ನಾಲ್ಕು ವರ್ಷದಾಗ ಅಂವ ಯಾವ ನಾಯಿಗೂ ಹೆಸರು ಇಟ್ಟಿದ್ದಿಲ್ಲ.

ಐತವಾರಕ್ಕೊಮ್ಮೆ ಮಂದಿ ಬರ್ತಿದ್ರು, ನೋಡ್ತಿದ್ರು, ಹೋಗ್ತಿದ್ರು. ಪ್ಯಾಟಿ ಮಂದಿಗೆ ಜಾತಿ ನಾಯಿ ಬೇಕು, ಹರಕು ಕಿವಿದು ಬ್ಯಾಡ. "ಕಿವಿ ಕೊಯ್ದದ್ದು ಮನಿಗೆ ಛಲೋ ಅಲ್ರಿ" ಅನ್ನೋರು. ಉಳದವರು ಹೊಲದ ಮಂದಿ. ಕಬ್ಬಿನ ಹೊಲಕ್ಕ ಅಡವಿ ಹಂದಿ ನುಗ್ತಾವ, ಪಂಪಿನ ವೈರು ಕಳವು ಆಗ್ತದ, ಅವರಿಗೆ ಬೇಕಾದದ್ದು ಹಲ್ಲು ತೋರ್ಸೋ ನಾಯಿ. ಅವರದೊಂದು ಪರೀಕ್ಷಾ. ಪಿಂಜರಾದ ಮುಂದ ನಿಂತು ಕೋಲು ಎತ್ತಿ, ನೆಲಕ್ಕ ಕಾಲು ಅಪ್ಪಳಿಸಿ, ಹೋ ಅಂತ ಒದರೋದು. ಬೊಗಳಿದ್ರ ಪಾಸು. ಫಿರಕಿ ಏನ್ ಮಾಡ್ತಿತ್ತಂತೀರಿ, ಅಂಗಾತ ಬಿದ್ದು ಹೊಟ್ಟಿ ತೋರ್ಸಿ ನಾಲ್ಕೂ ಕಾಲು ಮ್ಯಾಲ ಮಾಡ್ತಿತ್ತು. "ಇದನ್ನ ಒಯ್ದು ಕಳ್ಳರಿಗೆ ಹಾಸಗಿ ಹಾಸಿ ಕೊಡಸಬೇಕೇನೋ ಮಾರಾಯಾ" ಅಂತ ಒಬ್ಬಾಂವ ನಕ್ಕೋತ ಹೋದ. ಫಿರಕಿ ಅವನ ಬೆನ್ನಿಗೂ ಬಾಲ ಅಲ್ಲಾಡಿಸಿತು. ಮಚ್ಚೇಂದ್ರಗ ಮೈಯೆಲ್ಲಾ ಉರೀತು.

ಒಬ್ಬಾಕಿ ಮಾತ್ರ ಬ್ಯಾರೆ ಬಂದಿದ್ದಳು. ಸಂಕ್ರಾಂತಿ ಆದ ವಾರ. ಮಾಣಿಕನಗರದಾಗ ಬಳಿ ಅಂಗಡಿ ಇಟ್ಟಿರೋ ಓಂಪ್ರಕಾಶನ ಹೆಂಡತಿ ಪೂನಂ. ತವರು ಬಸವಕಲ್ಯಾಣ. ಆಕಿ ತಾಯಿ ಅಲ್ಲೇ ದವಾಖಾನಿಯಾಗ ಮೂರು ತಿಂಗಳು ಮಲಗಿದ್ದಳು, ದಿನಾ ನೋಡಿ ಬಂದು ಸಂಜಿಮುಂದ ಬಸ್‌ಸ್ಟ್ಯಾಂಡಿನ ಕಟ್ಟಿ ಮ್ಯಾಲ ಹುಮನಾಬಾದ ಬಸ್ಸಿಗೆ ಕಾಯ್ಕೋತ ಕೂತಾಗ, ಈ ನಾಯಿ ಬಂದು ಆಕಿ ಪಾದದ ಮ್ಯಾಲ ತಲಿ ಇಟ್ಟು ಮಲಗ್ತಿತ್ತಂತ. ತಾಯಿ ತೀರಿಕೊಂಡಳು. ದಿನಕರ್ಮ ಮುಗಿಸಿ ಬಂದು ನೋಡಿದ್ರ ನಾಯಿನೂ ಇಲ್ಲ. ಕೇಳಿಕೋತ ಕೇಳಿಕೋತ ಇಲ್ಲಿಗೆ ಬಂದಿದ್ದಳು. ಫಿರಕಿ ಆಕಿನ್ನ ಕಂಡು ಪಿಂಜರಾದ ತಂತಿ ಜಾಳಗಿಗೆ ಮೈ ತಿಕ್ಕಿ ತಿಕ್ಕಿ ಕುಂಯ್‌ಗುಟ್ಟಿತು. ಪೂನಂ ಜಾಳಗಿ ಸಂದಿಯಾಗ ಬೆರಳು ತೂರಿಸಿ ಭಾಳ ಹೊತ್ತು ಅತ್ತಳು.

"ಕಾಕಾ, ಆಕಿನ್ನ ಯಾರಿಗೂ ಕೊಡಬ್ಯಾಡ್ರಿ" ಅಂದಳು. "ನಮ್ಮ ಅತ್ತಿ ಶಕುಂತಲಾಬಾಯಿಯವರು ಭಾಳ ಮಡಿ ಮಂದಿ, ಒಂದೇ ಸಲಕ್ಕ ಒಪ್ಪಂಗಿಲ್ಲ. ನಾ ಮನಿಯಾಗ ಹೇಳಿ ಒಪ್ಪಿಸಿಕೊಂಡು ಬರ್ತೀನಿ. ಜರಾ ದಿನ ಇಟ್ಟಿರ್ರಿ."

"ಆಗ್ಲಿರಿ ಅಕ್ಕಾರ" ಅಂದ ಮಚ್ಚೇಂದ್ರ. ಆದರ ಮನಸಿನಾಗ ನಂಬಲಿಲ್ಲ. ಬರ್ತೀನಿ ಅಂದು ಹೋದೋರು ಅವನ ಶೆಡ್ಡಿಗೆ ಯಾರೂ ಹೊಳ್ಳಿ ಬಂದಿದ್ದಿಲ್ಲ. ಒಂದು ತಿಂಗಳು ಕಾದ, ಎರಡನೇದೂ ಸುರು ಆತು, ಪೂನಂ ಸುದ್ದಿ ಇಲ್ಲ.

ಶಿವರಾತ್ರಿ ಆಗಿ ನಾಲ್ಕು ದಿನಕ್ಕ ಡಾಕ್ಟರು ಎಲ್ಲಾರನ್ನೂ ಕೂಡಿಸಿ ಹೇಳಿದ್ರು, ಗೋದಾಮಿನ ಕರಾರು ಮಾರ್ಚಿಗೆ ಮುಗೀತದ. ಆಪರೇಶನ್ ಕೆಲಸಕ್ಕ ಬಸವಕಲ್ಯಾಣದ ಕಡೆ ಸಣ್ಣ ಜಾಗಾ ಸಿಕ್ಕದ, ಮಚ್ಚೇಂದ್ರಗ ಅಲ್ಲಿ ಕೆಲಸ ಪಕ್ಕಾ. ಆದರ ಇಟ್ಟುಕೊಳ್ಳಾಕ ಅಲ್ಲಿ ಜಾಗಾ ಇಲ್ಲ. ಯಾರೂ ಒಯ್ಯದ ನಾಯಿಗೋಳನ್ನ ಮಾರ್ಚಿನ ಕಡೀ ದಿನ ಲಾರಿ ಹೇರಿ, ಜಿಲ್ಲಾ ದಾಟಿ ಇರೋ ದೊಡ್ಡ ಶೆಡ್ಡಿಗೆ ಸಾಗಿಸೋದು.

ಆ ದೊಡ್ಡ ಶೆಡ್ಡು ಅಕ್ರಮ್ ಒಬ್ಬಾಂವ ನೋಡಿ ಬಂದಿದ್ದ. ಚಹಾ ಕುಡೀತಾ ಹೇಳಿದ. "ಒಂದೊಂದು ಪಿಂಜರಾಕ್ಕ ಹನ್ನೆರಡು ನಾಯಿ ಭಾಯಿ. ಅನ್ನ ಹಾಕಿದ್ರ ಗಟ್ಟಿ ಇದ್ದದ್ದು ತಿಂತದ, ಮೆತ್ತಗಿದ್ದದ್ದನ್ನ ಉಳದವು ಕೂಡಿ ಹರೀತಾವ. ನಮ್ಮ ಫಿರಕಿ ಬಾಲ ಅಲ್ಲಾಡಿಸಿಕೋತ ಬರೋಬ್ಬರಿ ನಡುವ ಹೋಗಿ ನಿಂದರ್ತದ. ಎಂಟು ದಿನ ಉಳದ್ರ ಜಾಸ್ತಿ."

ಅವತ್ತು ಸಂಜಿ ಮಚ್ಚೇಂದ್ರ ಮನಿಗೆ ಹೋಗಿ, ಜಳಕಾ ಮಾಡಿ, ಉಂಡು, ಬಾಯಿ ಬಿಟ್ಟು ಕೇಳೇ ಬಿಟ್ಟ. "ಒಂದೇ ಒಂದು ನಾಯಿ, ಹಿತ್ತಲದಾಗ ಇರ್ತದ." ಸೋನುಬಾಯಿ ತಾಟು ಎತ್ತಿಕೊಂಡು ಎದ್ದಳು. "ಓಣಿ ಮಂದಿ ಈಗ ಸ್ವಲ್ಪ ಮರತಾರ. ನೀ ನಾಯಿ ಹಗ್ಗಾ ಹಿಡ್ಕೊಂಡು ಓಣಿಯಾಗ ಬಂದ ದಿನ, ನೋಡ್ರಿ ಉಂಡಿ ಮಚ್ಚ್ಯಾ ಬಂದ ಅಂತಾರ. ಆ ಮಾತು ಕೇಳಿಕೋತ ಒಬ್ಬಾಂವ ಸತ್ತಾನ ಈ ಮನಿಯಾಗ. ನಾ ಸಾಯಂಗಿಲ್ಲ" ಅಂದಳು. ಆಕಿ ಹೇಳಿದ್ದರಾಗ ತಪ್ಪೇನಿತ್ತು?

ಅಂವ ತಲಿ ಮ್ಯಾಲ ಕೈ ಹೊತ್ತು ಎರಡು ದಿನ ವಿಚಾರ ಮಾಡಿದ. ಆಮ್ಯಾಲ ಆ ಹಳೇ ಪಾಠ ಇತ್ತಲ್ಲ, ಹಲ್ಲು ತೋರ್ಸಿದ್ದು ಉಳೀತದ ಅನ್ನೋದು, ಅದನ್ನೇ ಹಿಡದ. ಫಿರಕಿ ಬೊಗಳಾಕ ಕಲತ್ರ ಹೊಲದವರು ಒಯ್ತಾರ. ಒಯ್ಯಲಿಲ್ಲ ಅಂದ್ರೂ ದೊಡ್ಡ ಶೆಡ್ಡಿನಾಗ ಬದುಕ್ತದ. ಎರಡೂ ಕಡೆ ಲಾಭ ಅಂತ ಲೆಕ್ಕಾ ಹಾಕಿದ. ಎಂಥ ಲೆಕ್ಕಾ ನೋಡ್ರಿ, ಪುಣ್ಯಾತ್ಮಂದು!

ನಾಯಿನ್ನ ಉಗ್ರ ಮಾಡೋದು ನಮ್ಮ ಕಡೆ ಹಳ್ಳಿ ಮಂದಿಗೆ ಹೊಸಾದೇನಲ್ಲ. ಕತ್ತಲದಾಗ ಕಟ್ತಾರ, ರೊಟ್ಟಿಗೆ ಖಾರಪುಡಿ ಹಚ್ಚಿ ಹಾಕ್ತಾರ, ಹೊರಗಿನವರ ಕಡಿಂದ ಹೆದರಸ್ತಾರ, ಅನ್ನ ಮಾತ್ರ ಮಾಲಕನ ಕೈಲೆ. ಗೋದಾಮಿನ ಹಿಂದ ಕಿಡಕಿ ಇಲ್ಲದ ಒಂದು ಖೋಲಿ ಇತ್ತು. ಮಧ್ಯಾಹ್ನ ಡಾಕ್ಟರು ಇಲ್ಲದ ದಿನ ನೋಡಿ ಫಿರಕಿನ್ನ ಅಲ್ಲಿ ಕಟ್ಟಿದ. ಅಕ್ರಮಗ ಕೈಮುಗಿದು ಒಪ್ಪಿಸಿ, ತಲಿ ಮ್ಯಾಲ ಗೋಣಿಚೀಲ ಹೊಚ್ಚಿ, ಕೈಯಾಗ ಡಬ್ಬಿ ಕೊಟ್ಟು ಬಡಕೋತ ಒಳಗ ಹೋಗು ಅಂದ. ಮೊದಲ ದಿನ ಫಿರಕಿ ಚೀಲದಾಗಿನ ಅಕ್ರಮನ ಗುರ್ತ ಹಿಡಿದು ಗರಗರ ತಿರಗಿ ಸರಪಳಿಗೆ ಸಿಕ್ಕು ಬಿತ್ತು. ಎರಡನೇ ದಿನ ಚೀಲ ನೆಕ್ಕಿತು. ಮೂರನೇ ದಿನ ಖಾರದ ರೊಟ್ಟಿ ತಿಂದು ಕಣ್ಣು ಮೂಗಿಲೆ ನೀರು ಸುರಿಸಿಕೋತ ಕೂತಿತ್ತು, ಆದರೂ ಬಾಲ ನಿಂದರಲಿಲ್ಲ. ನಾಯಿಗೆ ಹೇಳಿದ್ರ ನಾಯಿ ತನ್ನ ಬಾಲಕ್ಕ ಹೇಳ್ತಂತ ಅಂತಾರಲ್ಲ, ಇಲ್ಲಿ ನೋಡಿದ್ರ ಬಾಲನೇ ಯಜಮಾನ.

ನಾಲ್ಕನೇ ದಿನದಿಂದ ಮಚ್ಚೇಂದ್ರ ಹಗ್ಗಾ ತಗೊಂಡ. ಬಾಲ ಅಲ್ಲಾಡಿಸಿದ್ರ ಒಂದು ಏಟು. ಅಲ್ಲಾಡಿಸಲಿಲ್ಲ ಅಂದ್ರ ರೊಟ್ಟಿ. ಹೊಡಿಯೋ ಮುಂದ ಅವನ ಬಾಯಿಲೆ ಏನೇನೋ ಬೈಗುಳ ಬರ್ತಿದ್ವು. "ಕಲೀ ರಂಡೆ, ಕಲೀ, ಇಲ್ಲಂದ್ರ ಸಾಯ್ತಿ, ಸಾಯ್ತಿ" ಅಂತ ಅಳಕೋತ ಹೊಡೀತಿದ್ದ. ಹೊರಗ ಬಂದು ಕೈ ತೊಳಕೊಂಡು, ತಂಬಾಕು ತಿಕ್ಕಿ, ಬಾಯಿಗೆ ಹಾಕದೇ ಹಂಗೇ ಕೆಳಗ ಒಗೀತಿದ್ದ.

ಹನ್ನೆರಡನೇ ದಿನ ಫಿರಕಿ ಕಲೀತು. ಡಬ್ಬಿ ಸಪ್ಪಳ ಕೇಳಿ ಮೂಲಿಗೆ ಸರೀತು, ಮೂತಿ ಮುದುಡಿ ಹಲ್ಲು ತೆಗೀತು, ಗಂಟಲಿನಾಗಿಂದ ಒಂದು ಸಪ್ಪಳ ಹೊರಟಿತು. ಆಮ್ಯಾಲ ಸರಪಳಿ ಹರಿಯೋ ಹಂಗ ಅಕ್ರಮನ ಮ್ಯಾಲ ಹಾರಿತು. ಅಕ್ರಮ್ ಹೊರಗ ಬಂದು ಚೀಲ ನೆಲಕ್ಕ ಒಗದ. "ಆತಲ್ಲ ನಿನ್ನ ಕೆಲಸ? ತೌಬಾ, ಇನ್ನ ನನ್ನ ಕರೀಬ್ಯಾಡ ಭಾಯಿ. ನನ್ನ ಗಾಡಿಯಾಗ ತಾನೇ ಹತ್ತಿ ಕೂತಿತ್ತು ಅದು" ಅಂದು ಹಿಂದ ನೋಡದೇ ಹೋದ. ಮಚ್ಚೇಂದ್ರ ಮಾತ್ರ ಗೆದ್ದೆ ಅಂತ ಕುಣೀಲಾರದೇ, ಅಳಲಾರದೇ ಅಲ್ಲೇ ಕುಕ್ಕರಗಾಲಿಲೆ ಕೂತ.

ಸುದ್ದಿ ಕಳಿಸಿದ. ದುಬಲಗುಂಡಿ ಬಸವಣಪ್ಪ, ಹನ್ನೆರಡು ಎಕರೆ ಕಬ್ಬಿನಾಂವ, ಐತವಾರ ಮುಂಜಾನೆ ಬರ್ತೀನಿ ಅಂದ. "ಖರೇನೇ ಕಚ್ಚೋವಂಥದ್ದು ಇದ್ರ ತೋರ್ಸು, ಸುಮ್ಮನ ನನ್ನ ಡೀಜೆಲ್ ಸುಡಬ್ಯಾಡ" ಅಂತ ಫೋನಿನಾಗ ದಬಾಯ್ಸಿದ. ಪರೀಕ್ಷಾದ ಹೊತ್ತಿನಾಗ ಫಿರಕಿ ಎಲ್ಲಿ ಮತ್ತ ಅಂಗಾತ ಬೀಳ್ತದೋ ಅಂತ ಮಚ್ಚೇಂದ್ರಗ ಜೀವದಾಗ ಜೀವ ಇಲ್ಲ. ಅದಕ್ಕ ಶನಿವಾರ ಮಧ್ಯಾಹ್ನದಿಂದ ಅನ್ನ ಹಾಕಲಿಲ್ಲ, ನೀರು ಅಷ್ಟೇ. ಕತ್ತಲ ಖೋಲಿಯಾಗೇ ಕಟ್ಟಿದ.

ಐತವಾರ ಮುಂಜಾನೆ ಒಂಬತ್ತಕ್ಕ ಬಸವಣಪ್ಪಗ ಹಾದಿ ತೋರ್ಸಾಕ ಅಂತ ಅಂವ ಹೆದ್ದಾರಿ ತನಕ ಹೋಗಿ ನಿಂತ. ಗೇಟು ತೆರದಿಟ್ಟಿದ್ದ. ಅಷ್ಟರಾಗ ಮಾಣಿಕನಗರ ಕಡಿಂದ ಒಂದು ಆಟೋ ಬಂದು, ಅವನ ಮುಂದ ಹಾದು ಶೆಡ್ಡಿನ ಕಡೆ ಹೊಳ್ಳಿತು. ಅದರಾಗ ಪೂನಂ ಇದ್ದದ್ದು ಅವಗ ಕಾಣಲಿಲ್ಲ.

ಎರಡು ತಿಂಗಳು ಗಂಡನ ಕೂಡ ಜಗಳಾ ಮಾಡಿ, ಅತ್ತಿ ಮುಂದ ಉಪವಾಸ ಕೂತು, ಕಡೀಕ ಶಕುಂತಲಾಬಾಯಿಯವರೇ "ಅಂಗಡಿ ಹಿಂದಿನ ಅಂಗಳದಾಗ ಇರಲಿ ಬಿಡು, ನಿನ್ನ ಅವ್ವನ ಕಡೀ ದಿನದ ಸಂಗಾತಿ ಅಂತಿ" ಅಂದಿದ್ರಂತ. ಆಕಿ ಕೈಯಾಗ ನಾಯಿ ಕುತ್ತಿಗಿಗೆ ಹಾಕೋ ಹೊಸಾ ಕೆಂಪು ಪಟ್ಟಾ ಇತ್ತು, ಬಿಸ್ಕೀಟ್ ಪುಡಾ ಇತ್ತು. ಪಿಂಜರಾದಾಗ ಹುಡುಕಿದಳು, ಕಾಣಲಿಲ್ಲ. ಹಿಂದಿನ ಖೋಲಿಯಿಂದ ಕುಂಯ್ ಅನ್ನೋ ಸಪ್ಪಳ ಕೇಳಿ ಓಡಿ ಹೋಗಿ ಧಡಕ್ಕನ ಬಾಗಿಲ ತೆರದಳು. ಬೆಳಕು ಬೆನ್ನಿಗಿತ್ತು, ಮುಖ ಕತ್ತಲದಾಗಿತ್ತು. ಎರಡೂ ಕೈ ಚಾಚಿ ಬಗ್ಗಿದಳು. ಹನ್ನೆರಡು ದಿನ ಆ ಬಾಗಿಲ ತೆರದಾಗೆಲ್ಲಾ ಏನು ಬಂದಿತ್ತೋ, ಅದೇ ಬಂತು ಅಂತ ಫಿರಕಿ ತಿಳಕೊಂಡಿತು.

ಕಿರಚಿದ್ದು ಕೇಳಿ ಮಚ್ಚೇಂದ್ರ ಓಡಿ ಬಂದ. ಹಿಂದಿಂದನ ಬಸವಣಪ್ಪನ ಜೀಪು. ಪೂನಂ ನೆಲದಾಗ ಕೂತಿದ್ದಳು, ಬಲಗೈ ಮಣಿಕಟ್ಟಿನ ಕಡೆ ಮಾಂಸ ಕಿತ್ತು ರಕ್ತ ಸುರೀತಿತ್ತು, ಒಡದ ಬಳಿ ಚೂರು ಅದರಾಗೇ ಸಿಕ್ಕಿದ್ವು. ಫಿರಕಿ ಆಕಿ ವಾಸನಿ ಗುರ್ತ ಹಿಡದಿತ್ತು ಆಗಲೇ. ಹೊಟ್ಟಿ ನೆಲಕ್ಕ ಹಚ್ಚಿ ತೆವಳಿಕೋತ ಬಂದು ಆಕಿ ಪಾದದ ಮ್ಯಾಲ ಮೂತಿ ಇಟ್ಟು ಗೋಳು ಅಳಾಕತ್ತಿತ್ತು. "ಏನಾಗಿಲ್ಲವ್ವಾ, ಏನಾಗಿಲ್ಲ, ಅಂಜಬ್ಯಾಡ" ಅಂತ ಪೂನಂ ಎಡಗೈಲೆ ಅದರ ತಲಿ ಸವರತಿದ್ದಳು. ಬಸವಣಪ್ಪ ಹೊಸ್ತಿಲದಾಗ ನಿಂತು ರಕ್ತ ನೋಡಿದ, ನಾಯಿ ನೋಡಿದ. "ಹಾಂ! ಇಂಥದ್ದು ಬೇಕು ನೋಡು ನನಗ" ಅಂದ.

ಕೊಡಾಕ ಬರಂಗಿಲ್ಲ. ಕಚ್ಚಿದ ನಾಯಿನ್ನ ಹತ್ತು ದಿನ ಬ್ಯಾರೆ ಇಟ್ಟು ಹುಚ್ಚು ಅದನೋ ಇಲ್ಲೋ ನೋಡಬೇಕು, ಆಮ್ಯಾಲ ಡಾಕ್ಟರು ಬರೀಬೇಕು. ಬಸವಣಪ್ಪ ಗೊಣಗಿಕೋತ ಹೋದ. ಪೂನಂನ್ನ ಅದೇ ಆಟೋದಾಗ ದವಾಖಾನಿಗೆ ಒಯ್ದ್ರು. ಹತ್ತು ದಿನ ಫಿರಕಿ ಆರಾಮೇ ಇತ್ತು, ಹುಚ್ಚಿಲ್ಲ ಗಿಚ್ಚಿಲ್ಲ. ಆದರ ಯಾರು ಬಂದ್ರೂ ತಿರಗಲಿಲ್ಲ. ಮೂಲಿಗೆ ಮುಖ ಮಾಡಿ ಮಲಗ್ತಿತ್ತು.

ಹನ್ನೊಂದನೇ ದಿನ ಡಾಕ್ಟರ್ ಸಂಜೀವಕುಮಾರ ಟೇಬಲ್ ಮ್ಯಾಲ ಕಾಗದ ಹರವಿಕೊಂಡು ಮಚ್ಚೇಂದ್ರನ್ನ ಕರದ್ರು.

"ಇಲ್ಲಿ ಒಂದು ಮಾತು ಬರೀಬೇಕು. ಯಾರರೆ ಕೆಣಕಿದ್ದಕ್ಕ ಕಚ್ಚ್ಯದೋ, ತಾನಾಗೇ ಕಚ್ಚ್ಯದೋ? ಕೆಣಕಿದ್ದಕ್ಕ ಅಂದ್ರ ಮುಂದ ಯಾರಿಗಾದ್ರೂ ಕೊಡಬಹುದು. ತಾನಾಗೇ ಅಂದ್ರ ಇಲ್ಲ, ಲಾರಿಗೇ ಹೋಗ್ಬೇಕು. ಕಚ್ಚಿಸಿಕೊಂಡಾಕಿನೂ ಏನೋ ಬರದು ಕೊಟ್ಟಾಳ" ಅಂತ ಮಡಚಿದ ಒಂದು ಕಾಗದ ತೋರ್ಸಿ ಪಕ್ಕಕ್ಕ ಇಟ್ರು. "ಅದಿರಲಿ. ದಿನಾ ಅದರ ಸಂಗಡ ಇರಾಂವ ನೀ. ನೀ ಹೇಳಿದ್ದೇ ನಾ ಬರಿಯಾಂವ."

ಮಚ್ಚೇಂದ್ರ ಆ ಮಡಚಿದ ಕಾಗದನೇ ನೋಡಿದ. ಪೂನಂ ಕತ್ತಲ ಖೋಲಿ ನೋಡ್ಯಾಳ. ಸರಪಳಿ ನೋಡ್ಯಾಳ. ನಾಯಿ ಬೆನ್ನ ಮ್ಯಾಲಿನ ಬಾಸುಂಡಿ ನೋಡಿರಬೇಕು. ಎಲ್ಲಾ ಬರದು ಕೊಟ್ಟಾಳ, ನನ್ನ ಮ್ಯಾಲ ಕಂಪ್ಲೇಂಟ್ ಅದು, ಡಾಕ್ಟರು ನನ್ನ ಬಾಯಿಲೆ ತಗಿಯಾಕತ್ತಾರ ಅಂತ ತಿಳಿದ. ಶೆಡ್ಡಿನ ನಾಯಿಗೆ ಹೊಡದಾಂವಗ ಅವತ್ತೇ ಕೆಲಸದಿಂದ ಸೂಟಿ, ಮ್ಯಾಲ ಪೊಲೀಸ್ ಕೇಸು, ಇದು ಗ್ವಾಡಿ ಮ್ಯಾಲೇ ಬರದದ. ಓಣಿಯಾಗ ಏನಂತಾರ? ಉಂಡಿ ಮಚ್ಚ್ಯಾ ಮುದಕ ಆದರೂ ಬಿಡಲಿಲ್ಲ ಅಂತಾರ. ಸೋನುಬಾಯಿ ಏನಂತಾಳ?

"ತಾನಾಗೇ ಕಚ್ಚ್ಯದ್ರಿ ಸಾಹೇಬ್ರ. ನಾ ಏನೂ ಮಾಡಿಲ್ಲ" ಅಂದ.

"ನೀ ಮಾಡಿ ಅಂತ ಯಾರಂದ್ರೋ?" ಅಂತ ಡಾಕ್ಟರು ನಕ್ಕು, ಬರದು, ಸಹಿ ಮಾಡಿದ್ರು.

ಮಾರ್ಚಿನ ಕಡೀ ದಿನ ಮಧ್ಯಾಹ್ನ ಲಾರಿ ಬಂತು. ಹತ್ತೊಂಬತ್ತು ನಾಯಿ. ಅಕ್ರಮ್ ಅವತ್ತು ರಜಾ ಹಾಕಿದ್ದ. ಲಾರಿ ಮಂದಿ ಒಂದೊಂದನ್ನ ಕುತ್ತಿಗಿಗೆ ಹಗ್ಗಾ ಹಾಕಿ ಎಳದು ಹೇರಿದ್ರು. ಫಿರಕಿ ಹತ್ರ ಬಂದಾಗ ಮಚ್ಚೇಂದ್ರ ನೀರಿನ ಬಕೇಟು ಎತ್ತಿಕೊಂಡು ಹಿಂದಿನ ಖೋಲಿಗೆ ಹೋಗಿ, ಲಾರಿ ಸಪ್ಪಳ ದೂರ ಆಗೋತನಕ ನೆಲ ತೊಳದ. ತೊಳಿಯಾಕ ಅಲ್ಲಿ ಏನೂ ಇದ್ದಿಲ್ಲ.

ನಾಲ್ಕು ಗಂಟೆಕ್ಕ ಗೇಟಿನ ಮುಂದ ಆಟೋ ನಿಂತಿತು. ಪೂನಂ ಇಳದಳು. ಬಲಗೈಗೆ ಇನ್ನೂ ಪಟ್ಟಿ ಇತ್ತು, ಎಡಗೈಯಾಗ ಆ ಕೆಂಪು ಪಟ್ಟಾ. ಖಾಲಿ ಪಿಂಜರಾಗೋಳನ್ನ ಒಂದೊಂದಾಗಿ ನೋಡಿಕೋತ ಬಂದು ಅವನ ಮುಂದ ನಿಂತಳು.

"ಹೋತಾ ಕಾಕಾ?"

"ಹೋತ್ರಿ."

"ನಾ ಬರದು ಕೊಟ್ಟಿದ್ದೆ" ಅಂದಳು. "ನಾನೇ ಆಕಿ ಕಾಲು ತುಳದೆ, ಅದಕ್ಕ ಕಚ್ಚಿದಳು, ಆಕಿದೇನೂ ತಪ್ಪಿಲ್ಲ ಅಂತ ಡಾಕ್ಟರಿಗೆ ಬರದು ಕೊಟ್ಟಿದ್ದೆ. ಸುಳ್ಳೇ ಅದು. ನಾ ಎಲ್ಲಿ ತುಳದಿದ್ದೆ? ಹಂಗ ಬರದ್ರ ಆಕಿನ್ನ ನನಗ ಕೊಡ್ತಾರ ಅಂತ ಬರದೆ. ಇವತ್ತ ಫೋನ್ ಹಚ್ಚಿದ್ರ ಡಾಕ್ಟರು, ಮಚ್ಚೇಂದ್ರ ಖರೇ ಇದ್ದದ್ದು ಹೇಳಿದ, ತಾನಾಗೇ ಕಚ್ಚ್ಯದಂತ ಅಂದ್ರು."

ಆ ಮಡಚಿದ ಕಾಗದದಾಗ ಇದ್ದದ್ದು ಇದು. ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ಕಾಕಾ. ಖರೇ ಹೇಳೋ ಮನುಷ್ಯಾಗ ಸುಳ್ಳು ಹೇಳು ಅಂತ ಹ್ಯಾಂಗ ಅನ್ನಲಿ" ಅಂದಳು ಪೂನಂ. ದನಿ ಸಣ್ಣದಾಗಿತ್ತು. "ಒಂದೇ ಕೇಳ್ತೀನಿ. ನಾಳೆ ನಮ್ಮವರನ್ನ ಕರಕೊಂಡು ಆ ದೊಡ್ಡ ಶೆಡ್ಡಿನ ಊರಿಗೆ ಹೋಗ್ಬೇಕಂತೀನಿ. ಕೈಕಾಲು ಬಿದ್ದು ಕೇಳ್ತೀನಿ. ಮನಿಯಾಗ ಅಂತೂ ಬ್ಯಾಡ ಅನ್ನಾಕತ್ತಾರ, ನಾಳೆ ಸಣ್ಣ ಮಕ್ಕಳಿಗೆ ಕಚ್ಚಿದ್ರ ಹ್ಯಾಂಗ ಅಂತಾರ. ನನಗ ಮಾತ್ರ ಆಕಿ ಹಂಗ ಇದ್ದಾಕಿ ಅಲ್ಲ ಅನಸ್ತದ. ದಿನಾ ನೋಡಿದೋರು ನೀವು. ಖರೇನೇ ಆಕಿ ಕಚ್ಚೋ ನಾಯಿ ಏನ್ರಿ? ನೀವು ಹೌದು ಅಂದ್ರ ನಾ ಬಿಟ್ಟುಬಿಡ್ತೀನಿ."

ಒಂದು ಮಾತು. ಇಲ್ರಿ ಅಕ್ಕಾರ, ನಾ ಕಲಿಸಿದೆ ಅಂದಿದ್ರ ಆಗ್ತಿತ್ತು. ನಾಲಿಗಿ ತುದಿಗೆ ಬಂದಿತ್ತು ಸೈತ. ಆದರ ಎದುರಿಗೆ ನಿಂತಾಕಿ ಅವನ್ನ ಖರೇ ಹೇಳೋ ಮನುಷ್ಯಾ ಅಂದಿದ್ದಳು. ಐವತ್ತೆರಡು ವರ್ಷದಾಗ ಹಂಗ ಯಾರೂ ಅಂದಿದ್ದಿಲ್ಲ, ಹೆತ್ತ ಅಪ್ಪನೂ. ಅಂಜಿಕಿನೂ ಇತ್ತು, ಹೊಸಾ ಜಾಗಾದಾಗಿನ ಕೆಲಸನೂ ಇತ್ತು, ಮ್ಯಾಲ ಈ ಹಾಳು ಮರ್ಯಾದಿ ಬ್ಯಾರೆ.

"ಹೌದ್ರಿ ಅಕ್ಕಾರ" ಅಂದ. "ಕಚ್ಚೋ ನಾಯಿನೇ ಅದು."

ಪೂನಂ ತಲಿ ಅಲ್ಲಾಡಿಸಿ, ಕೆಂಪು ಪಟ್ಟಾ ಅವನ ಕೈಯಾಗ ಇಟ್ಟು, "ಬ್ಯಾರೆ ಯಾವುದಕ್ಕರೆ ಹಾಕ್ರಿ" ಅಂದು ಆಟೋ ಹತ್ತಿದಳು.